ಗವಸಿನ ಅಳತೆಗೆ ಬಂದ ಅಮ್ಮ

ನಮ್ಮ ಮನೆಯಲ್ಲಿ ಗವಸಿಲ್ಲದ ವಸ್ತುವಿಲ್ಲ. ಮಿಕ್ಸಿಗೆ, ಟೀವಿಗೆ, ಕಡೆಗೆ ರಿಮೋಟಿಗೂ ಅಮ್ಮ ಹಳೆಯ ಸೀರೆ ಹರಿದು ಗವಸು ಹೊಲಿದಿದ್ದಾರೆ. ಕಡಲ ಗಾಳಿಗೆ ಎಲ್ಲ ಹಾಳಾಗುತ್ತದೆ ಎಂಬುದು ಅವರ ವಾದ. ಬಟ್ಟೆ ಉಪ್ಪುಗಾಳಿಯನ್ನು ತಡೆಯುತ್ತದೆ ಎನ್ನುವುದಕ್ಕೆ ಆಧಾರವೇನು ಎಂದು ನಾನು ಕೇಳಿದ್ದೇನೆ. ನಾನು ಚರ್ಚಾಸ್ಪರ್ಧೆಯಲ್ಲಿ ಗೆದ್ದ ಕಪ್‌ಗಳೂ ಗವಸಿನೊಳಗೇ ಅಡಗಿರುವುದರಿಂದ ನನ್ನ ಪ್ರಶ್ನೆಗೆ ತೂಕ ಬರಲಿಲ್ಲ.

ಹಳೆಯ ಕಂಪ್ಯೂಟರ್ ಗವಸು ಹೊದ್ದುಕೊಂಡೇ ಓಡುತ್ತಿತ್ತು. ಅದರ ಡಿಸ್ಕ್ ಸತ್ತಾಗ ಅಮ್ಮನ ತಾಯಿ, ತೀರಿಹೋದ ಅಮ್ಮಮ್ಮನ ದನಿಯಲ್ಲಿ ರೆಕಾರ್ಡಾಗಿದ್ದ ಹಾಡುಗಳಲ್ಲಿ ಅರ್ಧ ಹೋದವು. ಬಿಸಿಯಿಂದ ಸತ್ತಿತು ಎಂದು ನಾನು, ವಯಸ್ಸಾಗಿ ಸತ್ತಿತು ಎಂದು ಅಮ್ಮ. ಇಬ್ಬರ ಬಳಿಯೂ ಸಾಕ್ಷಿಯಿಲ್ಲ. ಉಳಿದರ್ಧ ನನ್ನ ಮುದಿ ಲ್ಯಾಪ್‌ಟಾಪಿನಲ್ಲಿತ್ತು. ಅದು ಕಣ್ಣುಮುಚ್ಚುವ ಮೊದಲು ಸರ್ವರ್ ಕಟ್ಟಬೇಕಿತ್ತು: ಸದಾ ಆನ್ ಇರುವ, ಒಂದು ಡಿಸ್ಕ್ ಹೋದರೆ ಇನ್ನೊಂದರಲ್ಲಿ ಪ್ರತಿ ಇರುವ ಕಂಪ್ಯೂಟರ್.

ಎಲ್ಲ ಭಾಗ ಸಿಕ್ಕಿದವು, ಅವನ್ನು ಕೂರಿಸುವ ಪೆಟ್ಟಿಗೆ, ಅಂದರೆ ಕ್ಯಾಬಿನೆಟ್ ಒಂದು ಬಿಟ್ಟು. ಕುಂದಾಪುರದ ಅಂಗಡಿಯವರು ತೋರಿಸಿದ್ದು ಗಾಜಿನ ಬದಿಯ, ಬಣ್ಣದ ದೀಪದ ಪೆಟ್ಟಿಗೆ. ಡಿಸ್ಕಿಗೆ ಜಾಗ ಎರಡೇ. ಇದು ತೋರಿಸುವುದಕ್ಕೋ ಇಡುವುದಕ್ಕೋ ಎಂದು ಕೇಳಿ ಹೊರಬಂದೆ. ಬ್ರಹ್ಮಾವರದ ಹಳೆ ಸಾಮಾನಿನ ಅಂಗಡಿಯಲ್ಲಿ ಯಾವುದೋ ಕಚೇರಿಯ ಹಳೆಯ ಕ್ಯಾಬಿನೆಟ್ ಇದೆ ಎಂದು ತಿಳಿದು ಬಸ್ ಹತ್ತಿದರೆ, ಗವಸಿನ ಅಳತೆಗೆಂದು ಅಮ್ಮನೂ ಹತ್ತಿದರು.

ದಪ್ಪ ತಗಡು, ಸಾಲಾಗಿ ಡಿಸ್ಕಿನ ಗೂಡುಗಳು, ಅವುಗಳ ಎದುರಿಗೇ ಫ್ಯಾನ್, ಮುಂಭಾಗವೆಲ್ಲ ಜಾಲರಿ. ನನಗೆ ಬೇಕಾದದ್ದೇ. ಅಮ್ಮ ಹಿಂಬದಿಗೆ ಹೋಗಿ, ಮುಚ್ಚುವ ತಗಡಿನ ಪಟ್ಟಿ ಬಿದ್ದುಹೋಗಿದ್ದ ಕಿಂಡಿಗಳಲ್ಲಿ ಬೆರಳಾಡಿಸಿದರು.

"ಇಷ್ಟ್ ದೊಡ್ಡ ಕಿಂಡಿ ಇತ್ತಲ್ದಾ ಮಗಾ, ಹಲ್ಲಿ ಒಳ್ಗ್ ಹೋಯಿ ಸಂಸಾರ ಮಾಡ್ತಿಲ್ಯಾ?"

ಹಾಗೆಲ್ಲ ಆಗುವುದಿಲ್ಲ ಎಂದರು ಅಂಗಡಿಯವರು. ನಾನೂ ದನಿಗೂಡಿಸುವವನಿದ್ದೆ. ಆದರೆ ಕಳೆದ ಮಳೆಗಾಲದಲ್ಲಿ ನಮ್ಮ ಪಂಪಿನ ಸ್ಟಾರ್ಟರ್ ಸುಟ್ಟಾಗ ಒಳಗೆ ಕರಟಿಹೋಗಿದ್ದ ಹಲ್ಲಿಯನ್ನು ತೆಗೆದವನು ನಾನೇ. ಇದಕ್ಕೆ ಸಾಕ್ಷಿಯಿತ್ತು. ಬೇರೆ ಪೆಟ್ಟಿಗೆಗಳಿಂದ ಪಟ್ಟಿ ಬಿಚ್ಚಿಸಿ ಕಿಂಡಿ ಮುಚ್ಚಿಸಿದೆ. ಗೆದ್ದ ಹುರುಪಿನಲ್ಲಿ ಅಮ್ಮ ಸೆರಗಿನಿಂದ ಅಳತೆ ತೆಗೆಯತೊಡಗಿದರು.

"ಗವ್ಸ್ ಹಾಕ್ರೆ ಉಸ್ರ್ ಕಟ್ಟತ್ತ್ ಅಮ್ಮ. ಈ ಸಲ ಡಿಸ್ಕ್ ಹೋರೆ ಅಮ್ಮಮ್ಮ ಪೂರಾ ಹೋತ್ರ್."

ಅಳತೆ ನಿಂತಿತು. ಮರಳುವ ಬಸ್ ಸಾಲಿಗ್ರಾಮ ದಾಟುವಾಗ ಅಮ್ಮ ಸೆರಗನ್ನು ಕಿಟಕಿಯ ಗಾಳಿಗೆ ಒಡ್ಡಿ ನೋಡಿದರು. ಆಮೇಲೆ, ಗಾಳಿ ಹೋಗುವಂಥ ಗವಸಾದರೆ ಎಂತ ತಕರಾರು ಎಂದು ಕೇಳಿದರು. ಬಿಸಿ ಅಳೆದು ನೋಡಿ ಹೇಳುತ್ತೇನೆ ಎಂದೆ.

ಗವಸು ಬಂದದ್ದು ಹಳೆಯ ಸೊಳ್ಳೆಪರದೆಯಿಂದ, ಅಂಚಿಗೆ ಸೀರೆಯ ಜರಿ ಸಮೇತ. ಒಂದು ದಿನ ಗವಸಿಲ್ಲದೆ, ಒಂದು ದಿನ ಗವಸು ಹಾಕಿ ಡಿಸ್ಕಿನ ಬಿಸಿ ನೋಡಿದೆ. ತುಸುವೇ ಏರಿತ್ತು. ಏರಿದ್ದಂತೂ ನಿಜ ಎಂದೆ. ಧೂಳು ಹಿಡಿದದ್ದೂ ನಿಜ ಎಂದು ಅಮ್ಮ ಪರದೆ ಕೊಡವಿ ತೋರಿಸಿದರು. ಗವಸು ಉಳಿಯಿತು.

ಉಳಿದ ಹಾಡುಗಳ ಪ್ರತಿಯೆಲ್ಲ ಸರ್ವರಿಗೆ ಸೇರಿದ ಸಂಜೆ ಒಂದನ್ನು ಹಾಕಿದೆ. ರೆಕಾರ್ಡಿಂಗಿನಲ್ಲಿ ಅಮ್ಮಮ್ಮ ನಡುವೆ ಹಾಡು ನಿಲ್ಲಿಸಿ ಮಗಳನ್ನು ಕೂಗಿದರು:

"ಹೆಣೆ, ಹಾಲ್ ಮುಚ್ಚಿದ್ಯಾ ಇಲ್ಯಾ? ಹಲ್ಲಿ ಬೀಳತ್ತ್."

ಅಮ್ಮ ನನ್ನ ಮುಖ ನೋಡಿದರು. ಇದು ಸಾಕ್ಷಿಯಾಗುವುದಿಲ್ಲ ಎಂದೆ. ಅವರು, "ಅದನ್ನೇ ಇನ್ನೊಂದ್ ಸಲ ಹಾಕ್" ಎಂದರು. ಹಾಕಿದೆ.