ಅಜ್ಜಿಯ ಬಾಯಿಯೊಳಗಿನ ಮಿಶ್ರಿ

ಲಕ್ವಾ ಹೊಡೆದ ಮೇಲೆ ನಮ್ಮಜ್ಜಿಗೆ ಮಾತು ಹೋಯಿತು, ಎಡಗೈಯೊಂದು ಉಳಿಯಿತು. ನೀರು ನುಂಗಿದರೂ ಕೆಮ್ಮು. ಬಾಯಲ್ಲಿ ಹೊಲಸು ಉಳಿದರೆ ಉಗುಳಿನ ಜೊತೆ ಪುಪ್ಪಸಕ್ಕಿಳಿದು ನ್ಯುಮೋನಿಯಾ ಆಗುತ್ತದೆ, ಬಾಯಿ ಸ್ವಚ್ಛ ಇಡಿ ಎಂದು ಡಾಕ್ಟರು ಹೆದರಿಸಿಯೇ ಕಳಿಸಿದ್ದರು. ಖಾಸಬಾಗದ ನಮ್ಮ ಮನೆಯಲ್ಲಿ ಖಾಲಿ ಕೂತವನು ನಾನೊಬ್ಬನೇ. ಹಾಗಾಗಿ ಅಜ್ಜಿಯ ಬಾಯಿ ನನ್ನ ಖಾತೆಗೆ ಬಂತು.

ಮೊದಲ ದಿನವೇ ಬ್ರಶ್ಶಿಗೆ ಜಾಹೀರಾತಿನಲ್ಲಿ ತೋರಿಸುವಷ್ಟು ಪೇಸ್ಟು ಹಚ್ಚಿ ತಿಕ್ಕಿದೆ. ಎದ್ದ ನೊರೆಯಲ್ಲಿ ಓಣಿಯ ಬಟ್ಟೆಯೆಲ್ಲ ಒಗೆಯಬಹುದಿತ್ತು. ಕೆಮ್ಮಿ ಕೆಮ್ಮಿ ಅಜ್ಜಿಯ ಕಣ್ಣು ಕೆಂಪಾದವು. ಅಂದಿನಿಂದ ನನ್ನನ್ನು ಕಂಡರೆ ತುಟಿ ಬಂದ್. ಒದ್ದೆ ಬಟ್ಟೆಯನ್ನು ಸಂದಿಯಲ್ಲಿ ತೂರಿಸಿ ಒರೆಸುವುದಷ್ಟೇ ಉಳಿಯಿತು.

ಒಂದು ಸೋಮವಾರ ಆ ಬಟ್ಟೆ ಕರ್ರಗೆ ಬಂತು. ಮೂಸಿದೆ. ಮಿಶ್ರಿ! ಅಜ್ಜಿ ಆಯುಷ್ಯವಿಡೀ ಹಲ್ಲಿಗೆ ತಿಕ್ಕಿದ, ಡಾಕ್ಟರು ಬಿಡಿಸಿದ್ದ ಹುರಿದ ತಂಬಾಕಿನ ಪುಡಿ. ಕೊಟ್ಟವರು ಯಾರು? ಹಾಲಿನವನ ಮೇಲೆ ಸಂಶಯಪಟ್ಟೆ, ಹೆತ್ತವ್ವನ ಮೇಲೆ ಪಟ್ಟೆ, ಬೆಕ್ಕನ್ನೂ ಬಿಡಲಿಲ್ಲ. ಮತ್ತೆರಡು ಸೋಮವಾರ ಹಾಗೇ ಆದ ಮೇಲೆ ಹೊಳೆಯಿತು: ಅಪ್ಪನ ಅಕ್ಕ ಭಾನುವಾರ ಖಾನಾಪುರದಿಂದ ಬಂದು ಹೋದ ಮರುದಿನವಷ್ಟೇ ಬಟ್ಟೆ ಕಪ್ಪಾಗುತ್ತಿತ್ತು.

ಮುಂದಿನ ಭಾನುವಾರ ಬಾಗಿಲಲ್ಲೇ ಅಡ್ಡ ನಿಂತೆ.

“ಅತ್ತಿ, ಚೀಲ ತೋರಸ್ರಿ.”

“ಯಾಕೋ, ಪೊಲೀಸ ಭರ್ತಿ ಆಗೀಯೇನು? ಮೊದಲ ನಿನ್ನ ಬನಿಯನ್ ತಪಾಸ ಮಾಡ್ಕೋ, ಉಲ್ಟಾ ಐತಿ.”

ಚೀಲದಲ್ಲಿ ಸಿಕ್ಕಿದ್ದು ಹಸಿಮೆಣಸಿನಕಾಯಿ. ಅದೇ ಕೈಯಲ್ಲಿ ಕಣ್ಣುಜ್ಜಿಕೊಂಡು ಅಪರಾಧಿಗಿಂತ ಮೊದಲು ನಾನೇ ಕಣ್ಣೀರು ಸುರಿಸಿದೆ. ಅತ್ತೆ ಸೊಂಟದಿಂದ ಮಿಶ್ರಿ ಡಬ್ಬಿ ತೆಗೆದು ತೋರಿಸಿದಳು.

“ಹೌದಪಾ, ನಾನ ಕೊಡ್ತೀನಿ. ಅವ್ವ ನಿನ್ನ ಮುಂದ ಬಾಯಿ ತಗೀತಾಳೇನು? ಇದನ್ನ ಕಂಡ್ರ ತಗೀತಾಳ. ಆವಾಗ ಒಳಗೆಲ್ಲಾ ಒರಸ್ತೀನಿ.”

“ಆ ಪುಡಿ ಪುಪ್ಪಸಕ್ಕ ಇಳದ್ರ?”

ಅತ್ತೆ ಅಜ್ಜಿಯ ಎಡಗೈ ಹಿಡಿದು ಕೂತಳು.

“ಬ್ರಶ್ಶು ಆಕಿಗೇನ್ ಗೊತ್ತೋ. ಆಕಿ ಕಂಡದ್ದು ಬೆರಳೊಂದ.”

ಅಜ್ಜಿಯನ್ನು ನೆಟ್ಟಗೆ ಕೂರಿಸಿ, ಅವಳ ಬೆರಳಿಗೇ ಅಕ್ಕಿಕಾಳಿನಷ್ಟು ಪೇಸ್ಟು ಹಚ್ಚಿದೆವು. ಮೂಸಿದಳು. ನನ್ನನ್ನೊಮ್ಮೆ, ಅತ್ತೆಯನ್ನೊಮ್ಮೆ ನೋಡಿದಳು. ಕೊನೆಗೆ ಬೆರಳು ಒಳಗೆ ಹೋಯಿತು, ಮಿಶ್ರಿ ತಿಕ್ಕುವ ಗತ್ತಿನಲ್ಲೇ ಸುತ್ತಿತು. ಆ ಗಳಿಗೆಯಲ್ಲಿ ಒದ್ದೆ ಬಟ್ಟೆ ತೂರಿಸಿದೆ. ಜೋತುಬಿದ್ದ ಕೆನ್ನೆಯೊಳಗೆ ಬೆಳಗಿನ ಗಂಜಿ ಹಾಗೇ ಕೂತಿತ್ತು. ಎಲ್ಲ ಬಳಿದು ತೆಗೆದೆ. ಕೆಮ್ಮು ಬರಲಿಲ್ಲ.

ಅಜ್ಜಿ ಡಬ್ಬಿಗಾಗಿ ಕೈ ಚಾಚಿದಳು. ಅತ್ತೆ ಮುಖ ತಿರುಗಿಸಿ ಅದನ್ನು ನನಗೆ ಕೊಟ್ಟುಬಿಟ್ಟಳು. ಆಗ ಅಜ್ಜಿ ನನ್ನನ್ನು ನೋಡಿದ ನೋಟ ಹೇಗಿತ್ತೆಂದರೆ, ಮರುದಿನ ಅವಳ ಬಾಯಿಗೆ ಹಾಕುವ ನನ್ನ ಬೆರಳು ಇಡಿಯಾಗಿ ವಾಪಸ್ ಬರುವ ಭರವಸೆ ನನಗಿರಲಿಲ್ಲ.