ತಂಗಡಿ ಕಣಿವೆಯ ಕೂಗು

ದೆವ್ವ ಕಂಡೆ, ಭೂತ ಕಂಡೆ ಎನ್ನುವವರನ್ನು ಕಂಡರೆ ನನಗೆ ಮೊದಲಿಂದಲೂ ಆಗುತ್ತಿರಲಿಲ್ಲ. ಮಧುಗಿರಿಯ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದಾಗ ಊಟದ ಹೊತ್ತಿನಲ್ಲಿ ಯಾರಾದರೂ ಇಂಥ ಕಥೆ ತೆಗೆದರೆ ಸಾಕು, ಅಡ್ಡಪ್ರಶ್ನೆ ಹಾಕಿ ಹಾಕಿ ಅವರ ಬಾಯಿ ಮುಚ್ಚಿಸುತ್ತಿದ್ದೆ. ಇವನ ಮುಂದೆ ಹೇಳಬೇಡ್ರಪ್ಪ ಎಂದು ಎದ್ದು ಹೋಗುತ್ತಿದ್ದರು. ಅಂಥವನೇ ಈಗ ಇದನ್ನು ಬರೆಯಲು ಕೂತಿದ್ದೇನೆ. ನಗುವವರು ನಗಲಿ, ನನ್ನ ಅಭ್ಯಂತರವಿಲ್ಲ.

ಐವತ್ತರ ದಶಕ ಮುಗಿಯುತ್ತ ಬಂದಿತ್ತು. ನನಗೆ ಮದುವೆಯಾಗಿ ಒಂದೂವರೆ ವರ್ಷ. ಹೆಂಡತಿ ರತ್ನಮ್ಮನ ತವರು ದೊಡ್ಡೇರಿ ಕಡೆಯ ಸಣ್ಣ ಹಳ್ಳಿ. ಗೌರಿ ಹಬ್ಬಕ್ಕೆ ಅವಳನ್ನು ಕರೆತರುತ್ತೇನೆಂದು ಅತ್ತೆಗೆ ಮಾತು ಕೊಟ್ಟಿದ್ದೆ, ರಜೆ ಸಿಗಲಿಲ್ಲ. ದೀಪಾವಳಿಗೂ ಆಗಲಿಲ್ಲ. ಅವಳು ಜಗಳವಾಡಲಿಲ್ಲ. ಸಾರಿಗೆ ಉಪ್ಪು ಹಾಕುವುದನ್ನು ಮಾತ್ರ ಮರೆಯತೊಡಗಿದಳು. ತಾಯಿಯ ಮುಖ ನೋಡದೆ ಸೊರಗುತ್ತಿದ್ದಾಳೆ ಎಂದು ನನಗೂ ಗೊತ್ತಾಗುತ್ತಿತ್ತು.

ಕೊನೆಗೆ ಒಂದು ಭಾನುವಾರ, ಯಾರಿಗೂ ಹೇಳಿಕಳಿಸದೆ ಹೊರಟೆವು. ಗುಡ್ಡ ಸುತ್ತಿಕೊಂಡು ಹೋಗುವ ಗಾಡಿ ದಾರಿ ಇತ್ತು. ಎರಡು ಬಂಡೆಗುಡ್ಡಗಳ ನಡುವೆ ಒಂದು ಕಣಿವೆಯೂ ಇತ್ತು. "ಕಣಿವೇಲೇ ನಡ್ಕೊಂಡ್ ಹೋಗಾನ. ಈಗ ತಂಗಡಿ ಹೂ ಬುಟ್ಟಿರ್ತದೆ, ಅವ್ವಂಗೆ ಒಂದಷ್ಟು ಕಿತ್ಕೊಂಡ್ ಹೋಗಬೌದು" ಎಂದಳು. ಬುತ್ತಿ ಕಟ್ಟಿಕೊಂಡೆವು.

ಆ ವರ್ಷ ಮಳೆ ಚೆನ್ನಾಗಿ ಬಿದ್ದಿತ್ತು. ಕಣಿವೆಯೊಳಗೆ ಕಾಲಿಟ್ಟರೆ ಎರಡೂ ಕಡೆ ಬಂಡೆಯ ಬುಡದವರೆಗೆ ತಂಗಡಿಯ ಹಳದಿ. ಕೆಳಗೆ ತುಂಬೆ, ಪೊದೆಗಳ ಮೇಲೆ ಹಬ್ಬಿಕೊಂಡ ಕೆಂಪು ಗೌರಿ ಹೂ. ಅಷ್ಟು ಹೂವನ್ನು ಒಂದೇ ಕಡೆ ನಾನು ಮತ್ತೆ ಕಂಡಿಲ್ಲ. ಬಂಡೆಗಳು ಕೂಗಿದ್ದನ್ನೆಲ್ಲ ಹಿಂದಕ್ಕೆ ಕೊಡುತ್ತಿದ್ದವು. ನಾನು ಅವಳ ಹೆಸರು ಕೂಗಿದೆ, ಗುಡ್ಡವೂ ಕೂಗಿತು. "ನಾಚ್ಕೆ ಆಗಕಿಲ್ವಾ ನಿಮಗೆ, ಗೌರ್ಮೆಂಟ್ ಕೆಲಸದೋರು" ಎಂದು ಬೈದಳು, ಆಮೇಲೆ ತಾನೂ ಕೂಗಿದಳು. ಮದುವೆಯಾದ ಮೇಲೆ ಅವಳು ಅಷ್ಟು ನಕ್ಕಿದ್ದನ್ನು ನಾನು ನೋಡಿದ್ದು ಅವತ್ತೇ. ನನಗೂ ಬಹಳ ಸಂತೋಷವಾಗಿತ್ತು.

ನೆತ್ತಿಯ ಮೇಲೆ ಬಿಸಿಲು ಬಂದಾಗ ಒಂದು ಬಂಡೆಯ ನೆರಳಲ್ಲಿ ಕೂತು ಬುತ್ತಿ ಬಿಚ್ಚಿದೆವು. ಅವಳ ಮಡಿಲ ತುಂಬ ಹೂವಿತ್ತು. ನಾನು ತುತ್ತು ಬಾಯಿಗಿಡುವ ಹೊತ್ತಿಗೆ ಯಾರೋ ಕರೆದರು.

"ಕೆಂಪೀ."

ಸ್ಪಷ್ಟವಾಗಿ ಕರೆದರು. ಹೆಂಗಸಿನ ದನಿ, ಹತ್ತಿರದಲ್ಲೇ. ರತ್ನಮ್ಮನನ್ನು ಕೆಂಪಿ ಎಂದು ಕರೆಯುತ್ತಿದ್ದವರು ಅತ್ತೆ ಒಬ್ಬರೇ. ನಾನು, "ನಿಮ್ಮವ್ವನೇ ಕಣೆ, ಸೌದೆಗೆ ಬಂದಿರಬೇಕು" ಎಂದೆ. ಅವಳ ಮುಖ ಬಿಳಿಚಿಕೊಂಡಿತ್ತು. ನನ್ನ ತೋಳು ಹಿಡಿದು ಪಿಸುಗುಟ್ಟಿದಳು: "ಸುಮ್ಕಿರಿ. ಮಟಮಟ ಮಧ್ಯಾನ. ಅವ್ವ ಆಗಿದ್ರೆ ಇನ್ನೊಂದ್ ಸಲ ಕರೀತಾಳೆ. ಒಂದೇ ಕೂಗಿಗೆ ಓ ಅನ್ಬಾರ್ದು."

ನಮ್ಮ ಕಡೆ ಆ ನಂಬಿಕೆ ಎಲ್ಲರಿಗೂ ಗೊತ್ತು. ಮನುಷ್ಯರಾದರೆ ಮತ್ತೆ ಕರೆಯುತ್ತಾರೆ, ದೆವ್ವ ಒಂದೇ ಸಲ ಕರೆಯುತ್ತದೆ, ಓಗೊಟ್ಟವರು ಉಳಿಯುವುದಿಲ್ಲ. ನನಗೆ ರೇಗಿತು. ಇಂಥದ್ದನ್ನೆಲ್ಲ ನನ್ನ ಮುಂದೆಯೇ ಹೇಳುತ್ತಾಳಲ್ಲ ಎಂದು ಎದ್ದು ನಿಂತು, ಬಾಯಿ ತುಂಬ ಕೂಗಿದೆ. "ಓ, ಬಂದ್ವಿ!"

ಬೆಳಗಿನಿಂದ ಪ್ರತಿಯೊಂದು ಮಾತನ್ನೂ ಹಿಂದಕ್ಕೆ ಕೊಟ್ಟಿದ್ದ ಬಂಡೆಗಳು ಆ ಮಾತನ್ನು ಮಾತ್ರ ಕೊಡಲಿಲ್ಲ. ನಾನು ಕಾದೆ. ಬಂಡೆ ಹತ್ತಿ ಸುತ್ತ ನೋಡಿದೆ. ಹೂವಿನ ಮೇಲೆ ಜೇನು ಗುಂಯ್ ಎನ್ನುತ್ತಿತ್ತು. ಯಾರೂ ಇರಲಿಲ್ಲ. ಕೆಳಗಿಳಿದೆ. ಬುತ್ತಿಯ ಬಟ್ಟೆಯನ್ನು ಎರಡೆರಡು ಸಲ ಕೊಡವಿದೆ. ರತ್ನಮ್ಮ ಆಗಲೇ ನಡೆಯತೊಡಗಿದ್ದಳು. ಮಡಿಲಿಂದ ಹೂವು ಉದುರುತ್ತಿದ್ದರೂ ನಿಲ್ಲಲಿಲ್ಲ. ಊರು ಮುಟ್ಟುವವರೆಗೆ ಅವಳು ಮುಂದೆ, ನಾನು ಹಿಂದೆ.

ಮನೆಯ ಮುಂದೆ ಜನ ಸೇರಿದ್ದರು. ರತ್ನಮ್ಮನ ಅಣ್ಣ ಜಗಲಿಯ ಮೇಲೆ ತಲೆ ತಗ್ಗಿಸಿ ಕೂತಿದ್ದ. ಅತ್ತೆ ಹೋಗಿಬಿಟ್ಟಿದ್ದರು.

ಕೆಲವು ದಿನದಿಂದ ಜ್ವರವಂತೆ. ಬೆಳಿಗ್ಗೆ ಜಾಸ್ತಿಯಾದಾಗ ನಮ್ಮನ್ನು ಕರೆತರಲು ಆಳು ಕಳಿಸಿದ್ದರು. ಅವನು ಗಾಡಿ ದಾರಿಯಲ್ಲಿ ಹೋಗಿದ್ದ, ನಾವು ಕಣಿವೆಯಲ್ಲಿ ಬಂದಿದ್ದೆವು. ಅಣ್ಣನ ಹೆಂಡತಿ ಅಳುತ್ತಲೇ ರತ್ನಮ್ಮನಿಗೆ ಹೇಳಿದಳು: "ಮಧ್ಯಾನ್ದಾಗೆ ಕಣ್ಬುಟ್ಟು, ಕೆಂಪೀ ಅಂತ ಜೋರಾಗಿ ಒಂದ್ ಕೂಗು ಕೂಗಿದ್ರು ಕಣಮ್ಮ. ಆಮೇಲೆ ಕಿವಿ ಕೊಟ್ಕೊಂಡು ಸುಮ್ಕಿದ್ರು. ಅಳಿಯಂದ್ರು ಓ ಅಂದ್ರು, ಬರ್ತಾವ್ರೆ, ಎಸರಿಗಿಡು ಅಂದ್ರು. ನಾನು ಹೋಗಿ ಎಸರಿಗಿಟ್ಟು ಬರೋ ಹೊತ್ಗೆ ಉಸಿರೇ ಇರ್ಲಿಲ್ಲ."

ನಾನು ಅಡುಗೆಮನೆಗೆ ಇಣುಕಿದೆ. ಒಳಗೆ ಒಲೆ ಆರಿಸಿದ್ದರು, ನೀರು ತುಂಬಿದ ಪಾತ್ರೆ ಅದರ ಮೇಲೆ ಹಾಗೆಯೇ ಇತ್ತು. ರತ್ನಮ್ಮ ಮಡಿಲಲ್ಲಿ ಉಳಿದಿದ್ದ ಹೂವನ್ನು ತಾಯಿಯ ಎದೆಯ ಮೇಲೆ ಸುರಿದಳು. ಅವಳು ಅತ್ತದ್ದು ಬಹಳ ಹೊತ್ತಿನ ಮೇಲೆ.

ಇದಕ್ಕೆ ಏನು ಹೇಳಬೇಕೋ ನನಗೆ ತಿಳಿಯದು. ಜ್ವರದ ಕನವರಿಕೆ ಎನ್ನಬಹುದು. ಕಣಿವೆಯಲ್ಲಿ ಯಾರೋ ಬೇರೆ ಕೆಂಪಿಯನ್ನು ಕರೆದರು ಎನ್ನಬಹುದು. ಇನ್ನೊಬ್ಬರು ಈ ಕಥೆ ಹೇಳಿದ್ದರೆ ನಾನೇ ಇಷ್ಟನ್ನೂ ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ಆದರೆ ಕೂಗಿದ್ದನ್ನು ಇಬ್ಬರೂ ಕೇಳಿದ್ದೇವೆ. ಆ ಹಳ್ಳಿ ಅಲ್ಲಿಂದ ಒಂದು ಹರದಾರಿಗಿಂತ, ಅಂದರೆ ಮೂರು ಮೈಲಿಗಿಂತ, ದೂರವಿತ್ತು. ಓಗೊಟ್ಟವನು ಉಳಿಯುವುದಿಲ್ಲ ಎನ್ನುತ್ತಾರೆ, ನಾನು ಗಟ್ಟಿಮುಟ್ಟಾಗಿಯೇ ಇದ್ದೇನೆ.

ರತ್ನಮ್ಮ ಆ ಮಾತನ್ನು ಎತ್ತಿದ್ದು ಒಂದೇ ಸಲ, ಎಷ್ಟೋ ವರ್ಷದ ಮೇಲೆ, ಅಕ್ಕಿ ಆರಿಸುತ್ತ ಕೂತಿದ್ದಾಗ. "ಅವ್ವ ಕರೆದಿದ್ದು ನನ್ನ. ನೀವು ಓ ಅಂದ್ರಿ" ಎಂದಳು. ನಾನು ಏನೋ ಸಮಾಧಾನ ಹೇಳಲು ಹೋದೆ. ಅವಳು ಕಲ್ಲು ಆರಿಸುವುದನ್ನು ನಿಲ್ಲಿಸಲಿಲ್ಲ.

ಈಗ ಮನೆಯಲ್ಲಿ ಯಾರು ಕರೆದರೂ, ಮಧ್ಯಾಹ್ನವಾಗಲಿ ಸರಿರಾತ್ರಿಯಾಗಲಿ, ಮೊದಲ ಕೂಗಿಗೇ ಓ ಅನ್ನುತ್ತಾಳೆ. ಒಮ್ಮೊಮ್ಮೆ ಯಾರೂ ಕರೆಯದಿದ್ದರೂ ಓ ಎಂದು ಒಲೆಯ ಮುಂದಿನಿಂದ ಎದ್ದು ಬಾಗಿಲಿಗೆ ಬರುತ್ತಾಳೆ. ಸ್ವಲ್ಪ ಹೊತ್ತು ನಿಂತು ಹಿಂತಿರುಗುತ್ತಾಳೆ. ಯಾರು ಕರೆದರು ಎಂದು ನಾನು ಕೇಳುವುದಿಲ್ಲ.