ಮದರಾಸಿನ ಮಂಕು ದೀಪ

ಅಪ್ಪ ಹೋದಮೇಲೆ ಅಮ್ಮ ಮೈಸೂರಿನ ಮನೆ ಬಿಟ್ಟು ಮದರಾಸಿನ ಅಣ್ಣಾ ನಗರಕ್ಕೆ ನನ್ನ ಹತ್ತಿರ ಬಂದಳು. ತೊಂಬತ್ತರ ದಶಕದ ಕೊನೆ ಅದು. ಬಂದ ದಿನದಿಂದ ಒಂದೇ ರಾಗ. ಇಲ್ಲಿ ನೀರು ಉಪ್ಪು, ಬದನೆಕಾಯಿ ಕಹಿ, ಕಾಫಿಪುಡೀಲಿ ಬರೀ ಚಿಕೋರಿ. “ಹೌದಮ್ಮ, ನಿಮ್ಮೂರಲ್ಲಿ ಸೂರ್ಯನೂ ಬೇರೆ” ಅಂತ ನಾನು ಛೇಡಿಸೋದು, ಇಬ್ಬರೂ ನಗೋದು. ಮದರಾಸನ್ನ ಬೈಯೋದು ಅವಳಿಗೊಂದು ಕಾಲಕ್ಷೇಪ ಅಂತ ತಿಳ್ಕೊಂಡಿದ್ದೆ.

ಒಂದು ಬೆಳಿಗ್ಗೆ ಬಚ್ಚಲಿಂದ ಬಂದವಳೇ, “ಏನು ಲೈಟೇ ಇದು! ಮಂಕು ಕವಿದಂಗಿದೆ. ಸೋಪಿಗೂ ತಡಕಾಡಬೇಕು” ಅಂದಳು.

“ಓಹೋ, ಈಗ ಮದರಾಸಿನ ಕರೆಂಟೂ ಸರಿ ಇಲ್ವಾ?” ಅಂದೆ.

ನೂರು ವಾಟಿನ ಬಲ್ಬು ಹಾಕಿದೆ. ಆದ್ರೂ ಮಂಕು ಅಷ್ಟೇ ಇದೆ ಅಂದಳು. ದಿನಾ ಬೆಳಿಗ್ಗೆ ಸ್ವಿಚ್ಚಿಗೋಸ್ಕರ ಗೋಡೆ ಸವರುತ್ತಾ ನಿಲ್ಲೋಳು. ನನ್ನನ್ನ ಚುಚ್ಚೋಕೇ ಹೀಗೆ ಮಾಡ್ತಾಳೆ ಅಂತ ಮೈಯೆಲ್ಲಾ ಉರಿಯೋದು. ಕೋಪ ನನಗೆ ಮೂಗಿನ ತುದೀಲೇ ಇರತ್ತೆ.

ಟ್ಯೂಬ್‌ಲೈಟ್ ಹಾಕಿಸೋಣ ಅಂತ ಕರೆದರೆ ಎಲೆಕ್ಟ್ರಿಷಿಯನ್ ನಾಳೆ ಬರ್ತೀನಿ ಅಂತ ಎರಡು ಸಲ ಕೈ ಕೊಟ್ಟ. ಹಾಳಾಗಿ ಹೋಗಲಿ, ಕಾಲೇಜಲ್ಲಿ ಫಿಸಿಕ್ಸ್ ಓದಿದವಳು ನಾನು ಅಂತ ಪುರಸೈವಾಕ್ಕಂ ಪೇಟೆಗೆ ಹೋಗಿ ಟ್ಯೂಬ್‌ಲೈಟು, ವೈರು, ಹೊಸ ಸ್ವಿಚ್ಚು ತಂದೆ. ಭಾನುವಾರ ಮೇನ್ ಆಫ್ ಮಾಡಿ, ಟೆಸ್ಟರ್ ಇಟ್ಟು ನೋಡಿ, ಸ್ಟೂಲ್ ಹತ್ತಿದೆ. ಅಮ್ಮ ಸ್ಟೂಲಿನ ಕಾಲು ಗಟ್ಟಿಯಾಗಿ ಹಿಡ್ಕೊಂಡು, “ಬೇಡ ಕಣೇ, ಕರೆಂಟ್ ಜೊತೆ ಆಟ ಬೇಡ” ಅಂತಲೇ ಇದ್ದಳು.

“ಸುಮ್ನಿರು, ನಿನ್ನ ಬಾಯಿ ಮುಚ್ಚಿಸೋಕೇ ಇಷ್ಟೆಲ್ಲಾ ಒದ್ದಾಡ್ತಿರೋದು” ಅಂದೆ. ಈಗ ನೆನೆಸಿಕೊಂಡರೆ ನಾಲಿಗೆ ಕಿತ್ತು ಬಿಸಾಡೋಣ ಅನ್ನಿಸತ್ತೆ.

ಟೇಪ್ ಕೊಡು ಅಂದೆ. ಅವಳ ಕಾಲ ಪಕ್ಕದಲ್ಲೇ ಬಿದ್ದಿತ್ತು, ಸಿಗಲಿಲ್ಲ. ಅದಕ್ಕೂ ರೇಗಿದೆ.

ಹಳೇ ಸ್ವಿಚ್ಚು ಬಿಚ್ಚಿ, ಬಾಗಿಲ ಹೊರಗೆ ಅವಳ ಕೈಗೆ ಎಟುಕೋ ಎತ್ತರಕ್ಕೆ ಹೊಸದನ್ನ ಕೂರಿಸಿದೆ. ಜಾಯಿಂಟುಗಳನ್ನ ಎರಡೆರಡು ಸಲ ನೋಡಿ ಟೇಪ್ ಸುತ್ತಿ, ಮೇನ್ ಹಾಕಿದೆ. ಟ್ಯೂಬು ಎರಡು ಸಲ ಮಿನುಗಿ ಹತ್ತಿಕೊಂಡಿತು. ಟೈಲ್ಸಿನ ಸಂದಿಯ ಕೊಳೆಯೆಲ್ಲಾ ಎದ್ದು ಕಾಣೋ ಅಷ್ಟು ಬೆಳಕು. ಅಮ್ಮ ಕತ್ತೆತ್ತಿ ನೋಡಿದಳು. “ಚೆನ್ನಾಗಿ ಮಾಡಿದೀಯ ಕಣೇ” ಅಂದಳು. ಆಮೇಲೆ ಮೆಲ್ಲಗೆ, “ಆದ್ರೂ ಯಾಕೋ ಮಂಕೇ.”

“ಮಂಕು ಹಿಡಿದಿರೋದು ನಿನಗೆ! ಅಷ್ಟು ಕಷ್ಟವಾದ್ರೆ ಮೈಸೂರಿಗೇ ಹೋಗಿಬಿಡು” ಅಂತ ಕಿರುಚಿದೆ.

ಅವತ್ತಿಂದ ಅವಳು ಲೈಟಿನ ಸುದ್ದಿ ಎತ್ತಲಿಲ್ಲ. ನೀರಿನ ಸುದ್ದಿ, ಕಾಫಿ ಸುದ್ದಿ ಕೂಡ. ನಾನು ಗೆದ್ದೆ ಅಂದುಕೊಂಡೆ.

ಎಂಟು ತಿಂಗಳಾದಮೇಲೆ ಹೊಸ್ತಿಲು ಎಡವಿ ಬಿದ್ದಳು. ಏನೂ ಕಾಣಿಸಲಿಲ್ಲ ಅಂದಾಗ ಕಣ್ಣಿನ ಡಾಕ್ಟರ ಹತ್ತಿರ ಕರಕೊಂಡು ಹೋದೆ. ಕಣ್ಣೊಳಗೆ ಒತ್ತಡ ಏರಿ ನರ ಒಣಗಿದೆ, ಹೋದ ದೃಷ್ಟಿ ವಾಪಸ್ ಬರಲ್ಲ, ಮೊದಲೇ ಬಂದಿದ್ದರೆ ಉಳಿಸಬಹುದಿತ್ತು ಅಂದರು ಅವರು. ಆಮೇಲೆ ನನ್ನ ಮುಖ ನೋಡಿ, ಮಂಕಾಗಿ ಕಾಣ್ತಿದೆ ಅಂತ ಇವರು ಮನೇಲಿ ಒಂದು ಸಲವೂ ಹೇಳಲಿಲ್ವಾ ಅಂತ ತಮಿಳಲ್ಲಿ ಕೇಳಿದರು.

ನಾನು ಬಾಯಿ ತೆರೆಯೋ ಮೊದಲೇ ಅಮ್ಮ ತನ್ನ ಮುರುಕು ತಮಿಳಲ್ಲಿ, “ಇಲ್ಲೆ ಡಾಕ್ಟರ್, ನಾನ್ ಸೊಲ್ಲಲೆ” ಅಂದಳು.

ಹೇಳಲೇ ಇಲ್ಲವಂತೆ! ಹೇಳಿದ್ದಳು ಅನ್ನೋ ಒಂದು ಮಾತು ನನ್ನ ಬಾಯಿಂದ ಬರಲಿಲ್ಲ.